ಯಾವುದರಿಂದ ಶುರು ಮಾಡಲಿ, ಮಾವ?

ಭೈರಪ್ಪನವರನ್ನು ಓದದವರು ಕನ್ನಡದಲ್ಲಿ ಎರಡು ಬಗೆ. ನಿಜವಾಗಿಯೂ ಓದಿಲ್ಲದವರು ಒಂದು ಬಗೆ. ‘ನಾನು ಅವರನ್ನ ಓದೋದಿಲ್ಲ’ ಎಂದು ವ್ರತ ತೊಟ್ಟವರ ಹಾಗೆ ಹೇಳಿ, ಆಮೇಲೆ ಕಾಫಿ ಆರುವವರೆಗೂ ‘ಆವರಣ’ದ ಕಥೆಯನ್ನು ಅಧ್ಯಾಯ ಬಿಡದೆ ಬಿಡಿಸಿಡುವವರು ಇನ್ನೊಂದು ಬಗೆ. ಈ ಎರಡನೆಯ ಪಂಗಡದ ಸ್ನೇಹಿತರೊಬ್ಬರು ನನಗಿದ್ದಾರೆ, ಕಾಲೇಜಿನಲ್ಲಿ ಕನ್ನಡ ಮೇಷ್ಟರಾಗಿದ್ದವರು. ಅವರ ಜೊತೆ ವಾದಕ್ಕೆ ಕೂರುವುದೇ ಒಂದು ಸುಖ. ಓದಿದವರಿಗಿಂತ ಅವರಿಗೇ ವಿವರಗಳು ಚೆನ್ನಾಗಿ ನೆನಪಿರುತ್ತವೆ. ತೊಂದರೆ ಬರುವುದು ಮೊದಲ ಬಗೆಯವರಿಂದ. 2025ರ ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪನವರು ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡರಲ್ಲ, ಆಮೇಲೆ ಕೆಲವು ವಾರ ಈ ಮೊದಲ ಬಗೆಯವರು ಸಿಕ್ಕಿದಲ್ಲೆಲ್ಲ ನಿಲ್ಲಿಸಿ ಕೇಳುತ್ತಿದ್ದುದು ಒಂದೇ: ‘ನಾನೂ ಓದಬೇಕು ಅಂತಿದ್ದೀನಿ, ಯಾವುದರಿಂದ ಶುರು ಮಾಡಲಿ?’

ಕೇಳುವವರಿಗೆ ಸಣ್ಣ ಪ್ರಶ್ನೆ, ಹೇಳುವವರಿಗೆ ಪ್ರಾಣಸಂಕಟ. ‘ಧರ್ಮಶ್ರೀ’ ಬಂದದ್ದು 1961ರಲ್ಲಿ, ‘ಉತ್ತರಕಾಂಡ’ 2017ರಲ್ಲಿ. ನಡುವಿನ 56 ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳಿವೆ. ಅವುಗಳಲ್ಲಿ ಕೆಲವನ್ನು ಎತ್ತಿಕೊಂಡು ಮಲಗಿ ಓದಿದರೆ ನಿದ್ದೆ ಬಂದಾಗ ಮೂಗಿನ ಮೇಲೆ ಬೀಳುವ ಅಪಾಯವಿದೆ. ಇಷ್ಟರಲ್ಲಿ ಮೊದಲು ಯಾವುದು ಅಂದರೆ ಯಾರೂ ಕೇಳಿದವರ ಮುಖ ನೋಡಿ ಉತ್ತರ ಹೇಳುವುದಿಲ್ಲ. ತಾವು ಇಪ್ಪತ್ತರ ವಯಸ್ಸಿನಲ್ಲಿ ಹಾಸಿಗೆಯಲ್ಲಿ ಹೊರಳಾಡಿಕೊಂಡು ಓದಿದ್ದು ಯಾವುದೋ ಅದನ್ನು ಹೇಳುತ್ತಾರೆ.

ಇದಕ್ಕೆ ಒಳ್ಳೆಯ ಸಾಕ್ಷಿ ಸಿಕ್ಕಿದ್ದು ಮೈಸೂರಿನಲ್ಲಿ ನಮ್ಮವರದೇ ಒಂದು ನಾಮಕರಣದ ಪಂಕ್ತಿಯಲ್ಲಿ. ಅಕ್ಕನ ಮಗಳು ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವವಳು, ಎಸ್ಸೆಸ್ಸೆಲ್ಸಿ ಆದ ಮೇಲೆ ಕನ್ನಡ ಪುಸ್ತಕ ಮುಟ್ಟಿದವಳಲ್ಲ. ಪಲ್ಯ ಬಡಿಸುವ ಹೊತ್ತಿಗೆ ನನ್ನ ಕಡೆ ವಾಲಿ, ‘ಮಾವ, ಭೈರಪ್ಪ ಅವರದ್ದು ಯಾವುದರಿಂದ ಶುರು ಮಾಡಲಿ?’ ಅಂದಳು. ನಾನು ಬಾಯಿ ತೆರೆಯುವುದರೊಳಗೆ ಎದುರು ಸಾಲಿನಿಂದ ಅವಳ ಅಪ್ಪ, ಅಂದರೆ ನಮ್ಮ ಭಾವ, ‘ಆವರಣ’ ಎಂದರು. ಬಡಿಸುತ್ತಿದ್ದವರೊಬ್ಬರು ಬಕೆಟ್ಟು ಕೆಳಗಿಟ್ಟು ‘ಪರ್ವ’ ಎಂದರು. ನಮ್ಮ ದೊಡ್ಡಮ್ಮ ಕುರ್ಚಿಯ ಮೇಲೆ ಕೂತು ಊಟ ಮಾಡುತ್ತಿದ್ದರು. ಅವರು ತಲೆ ಎತ್ತದೆ, ‘ಗೃಹಭಂಗ ಓದು ಮಗಾ. ಆದರೆ ಊಟ ಆದಮೇಲೆ ಓದು. ಮೊದಲೇ ಓದಿದರೆ ಅನ್ನ ಇಳಿಯಲ್ಲ’ ಎಂದರು. ಸಾರಿನ ಹೊತ್ತಿಗೆ ‘ವಂಶವೃಕ್ಷ’ದ ಕಕ್ಷಿಯೂ ಹುಟ್ಟಿಕೊಂಡಿತು. ಅದನ್ನು ಬಿ.ವಿ. ಕಾರಂತರೂ ಗಿರೀಶ ಕಾರ್ನಾಡರೂ ಸೇರಿ ಸಿನಿಮಾ ಮಾಡಿದ್ದರು, ವಿಷ್ಣುವರ್ಧನ್ ಇನ್ನೂ ವಿಷ್ಣುವರ್ಧನ್ ಆಗುವ ಮೊದಲು ಅದರಲ್ಲೊಂದು ಸಣ್ಣ ಪಾತ್ರ ಮಾಡಿದ್ದರು ಎಂಬಲ್ಲಿಗೆ ಮಾತು ಹೊರಳಿ, ಪಾಯಸ ಬರುವಷ್ಟರಲ್ಲಿ ಭೈರಪ್ಪನವರು ಮರೆತೇ ಹೋಗಿ ‘ನಾಗರಹಾವು’ ನಡೆಯುತ್ತಿತ್ತು.

ಭಾವನ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಿ.ಕಾಂ. ಮುಗಿಸಿದ ಮೇಲೆ ಅವರು ಕಾದಂಬರಿ ಎಂಬುದನ್ನೇ ಓದಿದವರಲ್ಲ. 2007ರಲ್ಲಿ ‘ಆವರಣ’ ಬಂದಾಗ ಅಂಗಡಿಗೆ ಬರುವ ಮೊದಲೇ ಅದರ ಮೊದಲ ಮುದ್ರಣ ಖಾಲಿಯಾಗಿತ್ತು. ಆಮೇಲೂ ಬಳೇಪೇಟೆಯ ಸಾಹಿತ್ಯ ಭಂಡಾರದವರು ಮುದ್ರಣದ ಮೇಲೆ ಮುದ್ರಣ ತರುತ್ತಲೇ ಇದ್ದರು. ಕನ್ನಡದ ಗಂಭೀರ ಕಾದಂಬರಿಯೊಂದು ತರಕಾರಿ ಕೊಳ್ಳುವವರ ಬಾಯಲ್ಲೂ ಇದ್ದ ದಿನಗಳು ಅವು. ಪರವಾಗಿ ಬೈದವರು, ವಿರೋಧವಾಗಿ ಬೈದವರು, ಓದದೆ ಬೈದವರು ಎಲ್ಲರೂ ಇದ್ದರು. ಭಾವ ಅದನ್ನು ಮೂರೇ ರಾತ್ರಿಯಲ್ಲಿ ಮುಗಿಸಿ, ಮದುವೆಯಾಗಿ ಅಷ್ಟು ವರ್ಷವಾದರೂ ನಮ್ಮಕ್ಕನ ಕಪಾಟಿನಲ್ಲಿ ಅವರ ಕಣ್ಣಿಗೆ ಬೀಳದಿದ್ದ ಹಳೆಯ ಭೈರಪ್ಪನವರನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದರು. ಹಾಗಾದರೆ ಆ ಕೊನೆಗಾಲದ ಪುಸ್ತಕ ಒಳ್ಳೆಯ ಬಾಗಿಲೇ ಆಯಿತಲ್ಲ ಎಂದು ಯಾರಾದರೂ ಕೇಳಬಹುದು.

ಆದರೆ ಆ ಬಾಗಿಲಿನಿಂದ ಒಳಗೆ ಬಂದ ಭಾವನಿಗೆ ಮನೆಯೊಳಗೆ ಕಂಡದ್ದೇನು? ‘ಗೃಹಭಂಗ’ ಅರ್ಧಕ್ಕೆ ನಿಲ್ಲಿಸಿ, ‘ಬರೀ ಗೋಳು ಕಣಯ್ಯ, ಇದರಲ್ಲಿ ವಿಷಯ ಎಲ್ಲಿದೆ?’ ಎಂದು ನನ್ನನ್ನೇ ಕೇಳಿದರು. ‘ಪರ್ವ’ ಪೂರ್ತಿ ಓದಿದರು. ಓದಿ, ಮಹಾಭಾರತ ನಡೆದದ್ದು ಯಾವ ಇಸವಿ ಎಂಬುದರ ಬಗ್ಗೆ ಒಂದು ತಿಂಗಳು ಮಾತಾಡಿದರು. ಕುಂತಿಯ ಬಗ್ಗೆ ಒಂದು ಮಾತಿಲ್ಲ. ‘ಆವರಣ’ದಿಂದ ಓದು ಕಲಿತವರು ಪ್ರತಿ ಕಾದಂಬರಿಯಲ್ಲೂ ಒಂದು ವಾದ, ಅದಕ್ಕೊಂದು ತೀರ್ಪು ಇರಲೇಬೇಕೆಂದು ಕಾಯುತ್ತಾರೆ. ಆ ಕಾದಂಬರಿಯಾದರೂ ಅದನ್ನೇ ಕಲಿಸುತ್ತದೆ: ನಾಯಕಿ ಲಕ್ಷ್ಮಿ, ಮದುವೆಯಾಗಿ ರಜಿಯಾ ಆದವಳು, ಅಪ್ಪ ತೀರಿಕೊಂಡ ಮೇಲೆ ಹಳ್ಳಿಯ ಮನೆಯಲ್ಲಿ ಕೂತು ಅವರ ಪುಸ್ತಕಗಳನ್ನು ಓದಿ, ಟಿಪ್ಪಣಿ ಮಾಡಿ, ಕಾದಂಬರಿಯೊಳಗೊಂದು ಕಾದಂಬರಿ ಬರೆದು, ಆಕರ ಗ್ರಂಥಗಳ ಪಟ್ಟಿಯನ್ನೂ ನಮ್ಮ ಮುಂದಿಡುತ್ತಾಳೆ. ಮದುವೆಗೆ ಬೀಗರೂಟದ ದಿನ ಬಂದವರ ಹಾಗೆ ನಮ್ಮ ಭಾವ: ಊಟ ಭರ್ಜರಿಯಾಯಿತು, ಧಾರೆ ತಪ್ಪಿಹೋಯಿತು.

ನನ್ನ ಮಟ್ಟಿಗೆ ಒಬ್ಬ ಕಾದಂಬರಿಕಾರನನ್ನು ಅಳೆಯುವ ಬಗೆ ಒಂದಿದೆ. ತನಗೆ ಇಷ್ಟವಿಲ್ಲದ ಪಾತ್ರವನ್ನು ಆತ ಹೇಗೆ ನಡೆಸಿಕೊಳ್ಳುತ್ತಾನೆ ಎಂದು ನೋಡುವುದು. ‘ಗೃಹಭಂಗ’ದ ಗಂಗಮ್ಮನನ್ನು ನೋಡಿ. ಬಾಯಿ ತೆರೆದರೆ ಬೈಗುಳ, ಮನೆ ಹಾಳು ಮಾಡುವುದರಲ್ಲಿ ನಿಸ್ಸೀಮೆ. ಅವಳ ಮಗ ಚೆನ್ನಿಗರಾಯನೋ, ಹೆಂಡತಿ ಮಕ್ಕಳು ಉಪವಾಸವಿದ್ದರೂ ತನ್ನ ಹೊಟ್ಟೆ ತುಂಬಿದರೆ ಸಾಕು ಅನ್ನುವ ಆಸಾಮಿ. ಹೆಸರಿಗೆ ಶಾನುಭೋಗ, ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಇಬ್ಬರನ್ನೂ ಬರೆದವರು ಅವರ ಮೇಲೆ ಹಗೆ ಸಾಧಿಸಲು ಎಲ್ಲ ಕಾರಣ ಇದ್ದವರು. ಆದರೂ ಗಂಗಮ್ಮ ಬೈಯಲು ನಿಂತರೆ ನಮಗೆ ನಗು ಬಂದುಬಿಡುತ್ತದೆ. ನಕ್ಕಿದ್ದಕ್ಕೆ ನಾಚಿಕೆಯಾಗುವಷ್ಟರಲ್ಲಿ ಊರಿಗೆ ಪ್ಲೇಗು ಬಂದಿರುತ್ತದೆ. ಲೇಖಕರು ಎಲ್ಲಿಯೂ ‘ನೋಡಿ, ಇವಳು ಕೆಟ್ಟವಳು’ ಎಂದು ನಮ್ಮ ಕಿವಿಯಲ್ಲಿ ಹೇಳುವುದಿಲ್ಲ. ಬರಗಾಲ ಬಂತು, ಊರು ಬಿಟ್ಟರು, ಮುತ್ತುಗದ ಎಲೆ ಹಚ್ಚಿದರು, ಸತ್ತರು. ಅಷ್ಟು ಸಲೀಸಾಗಿ ಹೇಳಿಕೊಂಡು ಹೋಗುತ್ತಾರೆ. 1970ರ ಆ ಪುಸ್ತಕವನ್ನು ಓದಿದವರ ಮನೆಯಲ್ಲಿ ಒಬ್ಬೊಬ್ಬ ನಂಜಮ್ಮ ಇದ್ದಾಳೆ. ಮುಂದೆ ಗಿರೀಶ ಕಾಸರವಳ್ಳಿಯವರು ಅದನ್ನು ಧಾರಾವಾಹಿ ಮಾಡಿದಾಗ ನಮ್ಮ ದೊಡ್ಡಮ್ಮ ಎರಡು ಕಂತು ನೋಡಿ ಟೀವಿ ಆರಿಸಿದರು. ಚೆನ್ನಾಗಿಲ್ಲವೆಂದಲ್ಲ, ಮುಂದೇನಾಗುತ್ತದೆ ಅಂತ ಗೊತ್ತಿತ್ತಲ್ಲ, ಅದಕ್ಕೆ.

‘ವಂಶವೃಕ್ಷ’ವೂ ಈ ಪರೀಕ್ಷೆಯಲ್ಲಿ ಪಾಸು. ಶ್ರೀನಿವಾಸ ಶ್ರೋತ್ರಿಗಳ ಕಡೆಗೆ ಲೇಖಕರ ಗೌರವ ವಾಲಿದೆ ಎಂಬುದು ಯಾರಿಗೂ ತಿಳಿಯುತ್ತದೆ. ಹಾಗಿದ್ದೂ ಕಾತ್ಯಾಯನಿ, ಗಂಡ ಕಪಿಲೆಯ ಪಾಲಾದ ಮೇಲೆ ಮತ್ತೆ ಮದುವೆಯಾಗಲು ಹೊರಟವಳು, ತನ್ನ ಮಾತನ್ನು ಪೂರ್ತಿ ಆಡುತ್ತಾಳೆ. ಅವಳ ಬಾಯಿಂದ ಸೋಲುವ ಮಾತನ್ನೇ ಆಡಿಸುವ ಹುನ್ನಾರವಿಲ್ಲ. ಶ್ರೋತ್ರಿಗಳಿಗೆ ಕೊನೆಯಲ್ಲಿ ಏನು ಗೊತ್ತಾಗುತ್ತದೆ ಎಂಬುದನ್ನು ಇನ್ನೂ ಓದದವರ ಮುಂದೆ ಹೇಳಬಾರದು. ನಾಮಕರಣದ ದಿನ ಯಾರೋ ಹೇಳಿಯೇಬಿಟ್ಟರು, ಅದು ಬೇರೆ ಮಾತು.

ಮೇಷ್ಟರು ಇಲ್ಲಿ ನನ್ನನ್ನು ಹಿಡಿಯುತ್ತಾರೆ. ‘ಅಂದರೆ ಅನಂತಮೂರ್ತಿ ಹೇಳಿದ್ದನ್ನೇ ನೀವು ಸುತ್ತಿಬಳಸಿ ಹೇಳ್ತಾ ಇದ್ದೀರಿ’ ಅನ್ನುತ್ತಾರೆ. ‘ಆವರಣ’ ಬಂದಾಗ ಯು.ಆರ್. ಅನಂತಮೂರ್ತಿಯವರು ಕಾದಂಬರಿಕಾರ ಭೈರಪ್ಪನವರನ್ನು ವಾದಿ ಭೈರಪ್ಪನವರು ಮೂಲೆಗೆ ತಳ್ಳಿದ್ದಾರೆ ಎಂಬ ಅರ್ಥದ ಟೀಕೆ ಮಾಡಿ, ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೆದ್ದಿತ್ತು. ನನ್ನ ತಕರಾರು ಸ್ವಲ್ಪ ಬೇರೆ. ಭೈರಪ್ಪನವರು ಯಾವತ್ತೂ ವಾದಿಯೇ. ತತ್ವಶಾಸ್ತ್ರ ಓದಿ, ಅದನ್ನೇ ಪಾಠ ಮಾಡಿ ಹೊಟ್ಟೆ ಹೊರೆದ ಮನುಷ್ಯ ಇನ್ನೇನಾಗಿರುತ್ತಾರೆ? ವ್ಯತ್ಯಾಸ ಎದುರಾಳಿಯದು. ಮೊದಮೊದಲು ಎದುರಾಳಿಗೆ ತಮ್ಮಷ್ಟೇ ಕಸುವು ಕೊಟ್ಟು ಕಣಕ್ಕೆ ಇಳಿಸುತ್ತಿದ್ದರು, ಆಮೇಲೆ ಇಳಿಸಲಿಲ್ಲ. ‘ಆವರಣ’ದ ಪ್ರೊಫೆಸರ್ ಶಾಸ್ತ್ರಿ ಬಾಗಿಲಲ್ಲಿ ಕಾಲಿಡುವಾಗಲೇ ಸೋತು ಬಂದಿರುತ್ತಾನೆ. ಇದಕ್ಕೆ ಮೇಷ್ಟರು, ‘ಅಯ್ಯೋ, ಅಂಥವರನ್ನ ನಾನು ಸ್ಟಾಫ್ ರೂಮಿನಲ್ಲೇ ನೋಡಿದ್ದೀನಿ’ ಎಂದು ನಕ್ಕು, ತಾವು ಓದದ ಲೇಖಕರ ಪರವಾಗಿ ನಿಂತುಬಿಟ್ಟರು. ಅಷ್ಟು ಬೇಗ ಪಕ್ಷ ಬದಲಿಸುವವರ ಜೊತೆ ಏನು ಮಾತಾಡುವುದು!

2010ರ ‘ಕವಲು’ ಬಗ್ಗೆ ಹೆಚ್ಚು ಹೇಳಲಾರೆ. ಮಹಿಳೆಯರ ರಕ್ಷಣೆಗೆ ಬಂದ ಕಾಯಿದೆಗಳು ಹೇಗೆ ದುರುಪಯೋಗವಾಗುತ್ತವೆ ಎಂಬುದನ್ನು ಹಿಡಿದು ಹೊರಟ ಪುಸ್ತಕ ಅದು. ನಮ್ಮ ಮನೆಯಾಕೆ ಓದಿ ಮುಗಿಸಿ, ‘ನಂಜಮ್ಮನ್ನ ಬರೆದ ಕೈಯೇ ಇದನ್ನೂ ಬರೆದದ್ದು ಅಂದರೆ ಹೇಗೆ ನಂಬೋದು?’ ಎಂದು ಕೇಳಿ, ಅದನ್ನು ಹಳೆಯ ವಾರಪತ್ರಿಕೆಗಳ ಜೊತೆ ಇಟ್ಟಳು. ಅಲ್ಲಿಂದ ಅದು ಎದ್ದಿಲ್ಲ.

ಹಾಗಂತ ಕೊನೆಗಾಲದ್ದೆಲ್ಲ ಬೇಡ ಎನ್ನುವವನು ನಾನಲ್ಲ. 2001ರ ‘ಮಂದ್ರ’ ಬರೆದಾಗ ಅವರಿಗೆ ಎಪ್ಪತ್ತು. 2010ನೇ ಸಾಲಿನ ಸರಸ್ವತಿ ಸಮ್ಮಾನ್ ಬಂದದ್ದು ಅದಕ್ಕೆ. ನಾಯಕ ಮೋಹನಲಾಲ ಹಿಂದೂಸ್ತಾನಿ ಗಾಯಕ. ಸಂಗೀತದಲ್ಲಿ ಶಿಖರ, ನಡತೆಯಲ್ಲಿ ಪಾತಾಳ. ಶಿಷ್ಯೆಯರು ಅವನಿಂದ ಪಡುವ ಪಾಡು ಓದುತ್ತಿದ್ದರೆ ಪುಸ್ತಕ ಮುಚ್ಚಿ ಎದ್ದುಹೋಗಬೇಕು ಅನಿಸುತ್ತದೆ. ಎರಡು ಪುಟದ ಮೇಲೆ ಅದೇ ಮನುಷ್ಯ ಆಲಾಪ ಶುರುಮಾಡುತ್ತಾನೆ, ನಾವು ಕೂತುಬಿಡುತ್ತೇವೆ. ಇಂಥವನಿಗೆ ಇಂಥ ವಿದ್ಯೆ ಹೇಗೆ ಒಲಿಯಿತು ಎಂಬ ಪ್ರಶ್ನೆಗೆ ಕಾದಂಬರಿ ಉತ್ತರ ಕೊಡುವುದಿಲ್ಲ. ಉತ್ತರ ಗೊತ್ತಿದ್ದೂ ಬಚ್ಚಿಟ್ಟ ಹಾಗೆಯೂ ಕಾಣುವುದಿಲ್ಲ. ಅವರಿಗೂ ಅದು ಬಗೆಹರಿದಿರಲಿಲ್ಲ ಎಂದೇ ನನ್ನ ನಂಬಿಕೆ, ಅದಕ್ಕೇ ಆ ಪುಸ್ತಕ ಅಷ್ಟು ದಪ್ಪವಾಗಿದ್ದರೂ ಓಡುತ್ತದೆ. ಸಂಗೀತ ಕಲಿಯುತ್ತಿರುವ ಹುಡುಗಿಯರಿಗೆ ಇದನ್ನು ಕೊಡಬೇಕೋ ಬೇಡವೋ ಎಂಬ ಬಗ್ಗೆ ನಮ್ಮ ಬೀದಿಯ ವೀಣೆ ಮೇಡಂಗೂ ನನಗೂ ಒಮ್ಮತವಿಲ್ಲ. ಕೊಡಬೇಕು ಎನ್ನುವವರು ಅವರು.

ಎಲ್ಲರೂ ಮರೆಯುವ ಇನ್ನೊಂದಿದೆ, 2014ರ ‘ಯಾನ’. ಹಾಸನ ಜಿಲ್ಲೆಯ ಸಂತೇಶಿವರದ ಈ ಅಜ್ಜ, ಎಂಬತ್ತು ದಾಟಿದ ಭೈರಪ್ಪನವರು, ಕಥೆಯನ್ನು ತೆಗೆದುಕೊಂಡು ಹೋಗಿ ಬಾಹ್ಯಾಕಾಶ ನೌಕೆಯಲ್ಲಿ ಕೂರಿಸುತ್ತಾರೆ. ಒಬ್ಬ ಗಂಡು, ಒಬ್ಬಳು ಹೆಣ್ಣು, ಹಿಂದಿರುಗುವ ದಾರಿಯಿಲ್ಲದ ಪಯಣ, ಭೂಮಿಯನ್ನೇ ಕಾಣದ ಮಕ್ಕಳು. ವಿಜ್ಞಾನದ ವಿವರಗಳು ಕೆಲವು ಕಡೆ ಪಠ್ಯಪುಸ್ತಕದ ಹಾಗೆ ಬಂದು ಕೂರುತ್ತವೆ, ಒಪ್ಪುತ್ತೇನೆ. ಆದರೆ ನೌಕೆಯಲ್ಲಿ ಜಗಳಕ್ಕೆ ಪ್ರೊಫೆಸರ್ ಇಲ್ಲ, ಪತ್ರಿಕೆ ಇಲ್ಲ, ಸಮ್ಮೇಳನ ಇಲ್ಲ. ವಾದ ಮಾಡುವವರೇ ಇಲ್ಲದ ಜಾಗಕ್ಕೆ ಹೋದಕೂಡಲೇ ಅವರೊಳಗಿನ ಹಳೆಯ ಕಾದಂಬರಿಕಾರ ಮೆಲ್ಲಗೆ ಎದ್ದು ಕೂತಿದ್ದಾರೆ: ಗಂಡು ಹೆಣ್ಣು ಯಾಕೆ ಕೂಡುತ್ತಾರೆ, ಯಾಕೆ ಮಾತು ಬಿಡುತ್ತಾರೆ, ಸಂಬಂಧ ಎಂಬುದನ್ನು ಸಮಾಜ ಕಲಿಸುತ್ತದೆಯೋ ಅಥವಾ ಅದು ಹುಟ್ಟಿನೊಡನೆ ಬರುತ್ತದೆಯೋ ಎಂದು ಮತ್ತೆ ಮೊದಲಿನಿಂದ ಕೇಳತೊಡಗುತ್ತಾರೆ. ಅಕ್ಕನ ಮಗಳು ಕಂಪ್ಯೂಟರಿನವಳಾದ್ದರಿಂದ ಇದನ್ನೇ ಮೊದಲು ಕೊಟ್ಟರೆ ಹೇಗೆ ಎಂದು ಒಂದು ಕ್ಷಣ ಯೋಚಿಸಿದ್ದೂ ಉಂಟು.

‘ಭಿತ್ತಿ’ಯಿಂದ ಶುರು ಮಾಡಿ ಅನ್ನುವವರಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿದೆ. 1996ರ ಆ ಆತ್ಮಕಥೆ ಎಷ್ಟು ಸೊಗಸಾಗಿದ್ದರೂ ಅದನ್ನು ‘ಗೃಹಭಂಗ’ಕ್ಕಿಂತ ಮೊದಲು ಓದಕೂಡದು. ಪ್ಲೇಗಿನಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ಹುಡುಗ ಯಾರು ಎಂದು ಮೊದಲೇ ಗೊತ್ತಾದರೆ, ರಾಮಸಂದ್ರದ ಕಥೆ ಓದುವಾಗ ಪ್ರತಿ ಪುಟದಲ್ಲೂ ‘ಇದು ನಿಜವಾಗಿ ನಡೆದದ್ದೋ, ಸೇರಿಸಿದ್ದೋ’ ಎಂದು ಪೊಲೀಸ್ ಪಂಚನಾಮೆ ಮಾಡುತ್ತ ಕೂರುತ್ತೇವೆ. ನಂಜಮ್ಮ ಮೊದಲು ನಂಜಮ್ಮನಾಗಿಯೇ ಸಿಗಬೇಕು, ಭೈರಪ್ಪನವರ ತಾಯಿಯಾಗಿ ಆಮೇಲೆ.

ಈ ಮೊದಲು, ಆಮೇಲೆ ಎಂಬ ಲೆಕ್ಕವೆಲ್ಲ ಕನ್ನಡದವರ ತಲೆನೋವು. ಪುಣೆಯಲ್ಲಿದ್ದಾಗ ನಮ್ಮ ಪಕ್ಕದ ಮನೆಯ ಕಾಕೂಗೆ ಇದ್ಯಾವುದೂ ಇರಲಿಲ್ಲ. ಉಮಾ ಕುಲಕರ್ಣಿಯವರ ಮರಾಠಿ ಅನುವಾದಗಳಲ್ಲಿ ಭೈರಪ್ಪನವರನ್ನು ಓದಿದವರು ಅವರು. ಅಂಗಡಿಯಲ್ಲಿ ಯಾವುದು ಸಿಕ್ಕಿತೋ ಅದು ಮೊದಲು. ‘ಪರ್ವ’ ಓದಿದ ಮೇಲೆ ‘ವಂಶವೃಕ್ಷ’, ಅದಾದ ಮೇಲೆ ‘ಮಂದ್ರ’. ಅವರಿಗೆ ಆದಿಯ ಭೈರಪ್ಪ, ಅಂತ್ಯದ ಭೈರಪ್ಪ ಎಂಬ ಭೇದವೇ ಇರಲಿಲ್ಲ. ನಾನು ಮೈಸೂರಿನವನು ಎಂದು ತಿಳಿದ ದಿನ, ‘ಹೋ, ಆಮ್ಚೆ ಭೈರಪ್ಪಾ ತಿಥೇಚ್ ರಾಹತಾತ್’ (ನಮ್ಮ ಭೈರಪ್ಪ ಅಲ್ಲೇ ಇರೋದು) ಎಂದು ನನಗೇ ಪರಿಚಯ ಮಾಡಿಕೊಟ್ಟರು. ಅವರು ನಮ್ಮವರು ಎಂದು ತಿದ್ದಲು ಹೋಗಲಿಲ್ಲ. ಆಗ ತಾನೇ ಅವರು ತಟ್ಟೆಯಲ್ಲಿ ಪೂರಣಪೋಳಿ ತಂದಿಟ್ಟಿದ್ದರು.

‘ಪರ್ವ’ದ ಕಕ್ಷಿ ದೊಡ್ಡದು, ಅವರ ಕೋಪಕ್ಕೆ ಗುರಿಯಾಗುವ ಧೈರ್ಯ ನನಗಿಲ್ಲ. 1979ರಲ್ಲಿ ಬಂದ ಆ ಪುಸ್ತಕದಲ್ಲಿ ವರವಿಲ್ಲ, ಶಾಪವಿಲ್ಲ, ಆಕಾಶದಿಂದ ಹೂಮಳೆಯಿಲ್ಲ. ಮದ್ರದೇಶದ ಮುದಿ ಶಲ್ಯನಿಂದ ಶುರುವಾಗಿ, ವಯಸ್ಸಾದವರ ಬೇಸರ, ಹೆಂಗಸರ ನೆನಪು, ಯುದ್ಧಭೂಮಿಯ ನಾರುವ ಹೆಣಗಳು ಎಲ್ಲ ಬರುತ್ತವೆ. ಮೈಸೂರಿನ ರಂಗಾಯಣ 2021ರಲ್ಲಿ ಪ್ರಕಾಶ್ ಬೆಳವಾಡಿಯವರ ನಿರ್ದೇಶನದಲ್ಲಿ ಇದನ್ನು ರಂಗಕ್ಕೆ ತಂದಾಗ ಸುಮಾರು 8 ಗಂಟೆ ಹಿಡಿಯಿತು. ಜನ ಬುತ್ತಿ ಕಟ್ಟಿಕೊಂಡು ಬಂದು ನೋಡಿದರು. ಇದನ್ನು ಮೊದಲು ಓದಿದರೆ ತಪ್ಪಿಲ್ಲ. ಆದರೆ ಮಹಾಭಾರತವನ್ನು ಅಜ್ಜಿಯ ಬಾಯಲ್ಲೋ ಯಕ್ಷಗಾನದಲ್ಲೋ ಹರಿಕಥೆಯಲ್ಲೋ, ಕಡೇಪಕ್ಷ ಟೀವಿಯಲ್ಲೋ ಒಂದು ಸಲ ನಂಬಿ ಕೇಳಿದವರಿಗೆ ಮಾತ್ರ ಅದರ ಏಟು ತಾಗುತ್ತದೆ. ನಂಬಿಕೆಯೇ ಇಲ್ಲದವರಿಗೆ ಒಡೆಯುವುದಕ್ಕೆ ಏನಿದೆ?

‘ಉತ್ತರಕಾಂಡ’ ಮಾತ್ರ ಕಡೆಗೇ ಇರಲಿ ಎಂದು ನಾನು ಹೇಳಿದಾಗ ದೊಡ್ಡಮ್ಮ ಒಪ್ಪಲಿಲ್ಲ. ಭೈರಪ್ಪನವರು ಇನ್ನು ಕಾದಂಬರಿ ಬರೆಯುವುದಿಲ್ಲ ಎಂದು ನಿಲ್ಲಿಸಿದ್ದು ಅದರ ನಂತರವೇ. ಸೀತೆಯ ಕಣ್ಣಿನಿಂದ ಕಂಡ ರಾಮಾಯಣ. ‘ಪರ್ವ’ದ ಮುಂದೆ ಅದು ತೆಳು, ಬರೆಯುವ ಕೈ ದಣಿದಿದೆ ಎಂಬುದು ನನ್ನ ಅಭಿಪ್ರಾಯ. ದೊಡ್ಡಮ್ಮ ಅದನ್ನು ಭೂತಕನ್ನಡಿ ಹಿಡಿದು, ದಿನಕ್ಕೆ ಇಷ್ಟಿಷ್ಟೇ ಓದಿ ಮುಗಿಸಿದವರು. ‘ನಿಂಗೇನು ಗೊತ್ತೋ! ಆ ಹುಡುಗಿ ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದಳು, ಈಗ ಮಾತಾಡಿದ್ದಾಳೆ. ದಣಿದೇ ಮಾತಾಡ್ತಾಳೆ, ಇನ್ನೇನು ಕುಣೀತಾ ಮಾತಾಡ್ತಾಳಾ?’ ಎಂದರು. ಪಂಕ್ತಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಎಂಬತ್ತು ದಾಟಿದ ಮೇಲೆ ಬರೆದದ್ದನ್ನು ಸರಿಯಾಗಿ ಓದಲು ಎಂಬತ್ತಾದರೂ ಆಗಿರಬೇಕೋ ಏನೋ. ಆ ಲೆಕ್ಕದಲ್ಲಿ ನನಗಿನ್ನೂ ಕಾಲಾವಕಾಶವಿದೆ.

ಕೊನೆಗೆ ನಾನು ಅಕ್ಕನ ಮಗಳಿಗೆ ಹೇಳಿದ್ದು ಇಷ್ಟು: ಮೊದಲು ‘ಗೃಹಭಂಗ’, ಅದು ತಡೆದುಕೊಳ್ಳಲಾಗದಿದ್ದರೆ ‘ವಂಶವೃಕ್ಷ’, ಕನ್ನಡ ಓದುವ ವೇಗ ಬಂದ ಮೇಲೆ ‘ಪರ್ವ’, ಆಮೇಲೆ ‘ಮಂದ್ರ’. ‘ಆವರಣ’ ಓದಲೇಬೇಕು, ಅಪ್ಪನ ಜೊತೆ ಜಗಳವಾಡುವುದಕ್ಕಾದರೂ ಬೇಕು. ಆದರೆ ಇವರು ಎದುರಾಳಿಯನ್ನು ಹೇಗೆ ಕಟ್ಟಬಲ್ಲವರಾಗಿದ್ದರು ಎಂಬುದನ್ನು ನೋಡಿದ ಮೇಲೆ ಓದು. ಭಾವ ಸುಮ್ಮನಿರಲಿಲ್ಲ, ಅವಳು ಹೊರಡುವಾಗ ತಮ್ಮ ಪ್ರತಿಯನ್ನು ಬ್ಯಾಗಿಗೆ ತುರುಕಿದರು. ನಾನು ನನ್ನ ‘ಗೃಹಭಂಗ’ವನ್ನು ಅದರ ಪಕ್ಕದಲ್ಲೇ ತುರುಕಿದೆ.

ಮೊನ್ನೆ ಫೋನ್ ಮಾಡಿದ್ದಳು. ಎರಡೂ ಬ್ಯಾಗಿನಲ್ಲೇ ಇವೆಯಂತೆ. ಆಫೀಸಿನಲ್ಲಿ ಪಕ್ಕದ ಸೀಟಿನ ಹುಡುಗಿ ಓದುತ್ತಿದ್ದಳೆಂದು ಅವಳಿಂದ ‘ದಾಟು’ ತೆಗೆದುಕೊಂಡು, ಮೆಟ್ರೋದಲ್ಲಿ ಹೋಗುತ್ತ ಬರುತ್ತ ಅದನ್ನು ಓದುತ್ತಿದ್ದಾಳೆ. 1973ರ ಪುಸ್ತಕ; 1975ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದದ್ದು. ನಾಮಕರಣದ ದಿನ ಅಷ್ಟು ಜನ ಸೇರಿದ್ದರೂ ಒಬ್ಬರ ಬಾಯಲ್ಲೂ ಅದರ ಹೆಸರು ಬಂದಿರಲಿಲ್ಲ. ಅರ್ಚಕರ ಮಗಳು ಸತ್ಯಭಾಮೆ ಗೌಡರ ಮಗ ಶ್ರೀನಿವಾಸನನ್ನು ಮದುವೆಯಾಗಲು ಹೊರಟು, ಅವಳು ಗಟ್ಟಿಯಾಗಿ ನಿಂತಾಗ ಅವನ ಕಾಲು ನಡುಗುವಲ್ಲಿಗೆ ಬಂದಿದ್ದಾಳೆ. ‘ಮಾವ, ಈ ಶ್ರೀನಿವಾಸನ ಥರದವರು ನಮ್ಮ ಟೀಮಲ್ಲೇ ಇಬ್ಬರಿದ್ದಾರೆ. ಇವನು ಮುಂದೆಯಾದರೂ ಸರಿಹೋಗ್ತಾನಾ?’ ಎಂದು ಕೇಳಿದಳು. ಹೇಳಲಿಲ್ಲ. ಓದಿ ನೋಡು ಎಂದೆ.